ಕೂಸು ಸಿಕ್ಕದ್ದಲ್ಲ, ಕೊಟ್ಟದ್ದು

ಈಗಿನ ನರ್ಸ್ ಹುಡುಗ್ಯಾರು ಆಗಾಗ ನನ್ನ ಕಾಣಾಕ ಬರ್ತಾರ. ಕಟ್ಟಿ ಮ್ಯಾಲ ಕುಂತು, "ಅಜ್ಜಿ, ನಿಮ್ಮ ಕಾಲದಾಗ ಹೆರಿಗಿ ಹೆಂಗ ಮಾಡಸ್ತಿದ್ರಿ?" ಅಂತ ಕೇಳ್ತಾರ. ಹೆರಿಗಿ ಆಗಿಂದೂ ಅಷ್ಟ, ಈಗಿಂದೂ ಅಷ್ಟ ತಾಯಿ. ಕೂಸು ಬರೂ ದಾರಿ ಏನ್ ಬದಲಾಗಿಲ್ಲ. ಕತ್ತರಿ ಕುದಸೂದು, ಕೈ ತೊಳಕೊಳ್ಳೂದು, ಹೊಕ್ಕಳ ಕಟ್ಟೂದು ಎಲ್ಲಾ ನಿಮ್ಮ ಪುಸ್ತಕದಾಗ ನನಗಿಂತ ಚೊಲೋ ಬರದಾರ. ನಾ ಹೇಳೂದು ಅದರಾಗ ಇಲ್ಲದ್ದು. ತಾಯಿ ತಾ ಹಡದ ಕೂಸನ್ನ ಇನ್ನೊಬ್ಬಾಕಿಗೆ ಕೊಡೂ ಹೊತ್ತು ಬಂತಂದ್ರ, ನಡುವ ನಿಂತ ನರ್ಸ್ ಏನ್ ಮಾಡಬೇಕು? ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಅಂತ ಬದ್ಲಿ ಆದಲ್ಲೆಲ್ಲಾ ಈ ಹೊತ್ತು ನನ್ನ ಮುಂದ ಬಂದೈತಿ. ಮೊದಲನೇ ಸಲ ಬಂದಾಗ ಮಾತ್ರ ನಾ ನರ್ಸ್ ಆಗಿರಲಿಲ್ಲ. ಮಂಚದ ಮ್ಯಾಲ ಮಲಗಿದಾಕಿ ನಾ. ಕೊಟ್ಟಾಕಿ ನಾ.

ಇದನ್ನ ಮುಚ್ಚಿಡಾಕ ಏನೈತಿ? ನನ್ನ ಮಗಳಿಗೆ ಗೊತ್ತೈತಿ, ಅಕಿನ್ನ ಸಾಕಿದಾಕಿಗೆ ಗೊತ್ತೈತಿ. ಇನ್ನ ಮಂದಿ ಬಾಯಿಗೆ ಹೆದರೂ ವಯಸ್ಸು ನಂದಲ್ಲ. ನೀವೂ ಕೇಳ್ರಿ. ಕೇಳಿ ನಿಮ್ಮ ಕೆಲಸದಾಗ ಉಪಯೋಗ ಆದ್ರ ಮಾಡ್ಕೋರಿ, ಇಲ್ಲಾಂದ್ರ ಮುದಿಕಿ ಮಾತು ಅಂತ ಬಿಟ್ಟುಬಿಡ್ರಿ.

ನಮ್ಮೂರು ತಿಳವಳ್ಳಿ ಮಗ್ಗಲದಾಗ ಒಂದು ಸಣ್ಣ ಹಳ್ಳಿ. ಎರಡನೇ ಮಹಾಯುದ್ಧ ಸುರು ಆಗೂಕಿಂತ ಮೊದಲಿನ ಮಾತು. ಆ ಕಡೆ ಚಳಿಜ್ವರ ಅನ್ನೂದು ಮನಿ ಮನಿಗೆ ಇರ್ತಿತ್ತು. ನನ್ನ ಗಂಡ ಅದರಾಗ ಹೋದ. ನಾ ಆವಾಗ ಬಸುರಿ. ಅತ್ತಿ ಮಾವ ಮೊದಲ ತೀರಿದ್ರು, ಗಂಡನ ಕಡೆ ಅಂತ ಹೇಳಾಕ ಯಾರೂ ಉಳಿಲಿಲ್ಲ. ತವರಾಗ ಅವ್ವ ಒಬ್ಬಾಕಿ, ಅಕಿಗೆ ಕಣ್ಣಿಗೆ ಪೊರಿ ಬಂದಿತ್ತು. ನಾನ ಮಂದಿ ಹೊಲದಾಗ ಭತ್ತದ ಕಳೆ ತಗದು ಇಬ್ಬರ ಹೊಟ್ಟಿ ಹೊರೀಬೇಕು.

ಅದಕ್ಕಿಂತ ಮೊದಲ ನನಗೊಂದು ಗಂಡು ಕೂಸು ಆಗಿತ್ತು. ಅದನ್ನ ಹೊಲದ ಬದುವಿನ ಮ್ಯಾಲ ಗಿಡಕ್ಕ ಸೀರಿ ಜೋಳಗಿ ಕಟ್ಟಿ, ಅದರಾಗ ಹಾಕಿ ಕಳೆ ತಗ್ಯಾಕ ಹೋಗ್ತಿದ್ನಿ. ಮಳಿಗಾಲದಾಗ ನೆಗಡಿ ಆತು. ನೆಗಡಿ ಎದಿಗೆ ಇಳೀತು. ಗೊರ ಗೊರ ಅಂತ ಉಸಿರು ಎಳಕೋತ ನನ್ನ ತೊಡಿ ಮ್ಯಾಲೇ ಹೋತು. ಎರಡನೇದು ಹೊಟ್ಟ್ಯಾಗ ಒದ್ಯಾಕ ಸುರು ಮಾಡಿದಾಗ ನನಗ ಖುಷಿ ಆಗಲಿಲ್ಲ, ಅಂಜಿಕಿ ಆತು. ಇದನ್ನೂ ಅದೇ ಗಿಡಕ್ಕ ಕಟ್ಟಬೇಕಲ್ಲ ಅಂತ.

ಬ್ಯಾನಿ ಸುರು ಆದ್ರೂ ಕೂಸು ಬರವಲ್ದು. ಊರ ಸೂಲಗಿತ್ತಿ ಕೈಚೆಲ್ಲಿದ್ಳು. ಅವ್ವ ಗೌಡ್ರ ಕೈಕಾಲು ಹಿಡದು ಚಕ್ಕಡಿ ಹೂಡಿಸಿ ಹಾನಗಲ್ಲ ದವಾಖಾನಿಗೆ ತಂದ್ಳು. ಅಲ್ಲಿ ಸುಂದರಾಬಾಯಿ ಅಂತ ನರ್ಸ್ ಇದ್ರು. ಎತ್ತರದ ಆಳು, ಬಿಳೀ ಸೀರಿ, ಬಾಯಿ ಭಾಳ ಜೋರು. ಎಲ್ಲಾರೂ ಅವ್ರಿಗೆ ಬಾಯಾರ ಅಂತಿದ್ರು. ನನ್ನ ನೋಡಿದವರ, "ಇಷ್ಟ ಲಗೂ ಯಾಕ ತಂದ್ರಿ? ಇನ್ನಾ ನಾಕ ದಿನ ಮನ್ಯಾಗ ಇಟ್ಕೋಬೇಕಿಲ್ಲ?" ಅಂತ ಅವ್ವನ್ನ ಝಾಡಿಸಿದ್ರು. ಝಾಡಿಸ್ಕೋತನ ಕೈ ತೊಳಕೊಂಡು, ಝಾಡಿಸ್ಕೋತನ ನನ್ನ ಹಣಿ ಒರೆಸಿ, ಸಂಜಿ ಆಗೂದ್ರಾಗ ಹೆಣ್ಣು ಕೂಸು ಹೊರಗ ತಂದ್ರು. ಅವ್ರ ಬೈಗಳದಾಗ ಎಷ್ಟು ಪ್ರೀತಿ ಇತ್ತು ಅನ್ನೂದು ತಿಳ್ಯಾಕ ನನಗ ವರ್ಷಗಟ್ಟಲೆ ಹಿಡೀತು.

ಹಡದ ಮ್ಯಾಲ ನನಗ ಜ್ವರ ಏರಿತು. ಎದ್ಯಾಗ ಹಾಲು ಇಲ್ಲ. ಕೂಸು ಅತ್ತು ಅತ್ತು ದನಿ ಬಿದ್ದು ಹೋಗಿತ್ತು. ಬಾಜೂ ಮಂಚದ ಮ್ಯಾಲ ಪಾರವ್ವ ಅಂತ ಒಬ್ಬಾಕಿ ಇದ್ಳು. ಗಂಡನ ಮನಿ ಸವಣೂರು, ವೀಳ್ಯದೆಲಿ ತ್ವಾಟದ ಮಂದಿ. ತವರು ಹಾನಗಲ್ಲ, ಅದಕ್ಕ ಹೆರಿಗಿಗೆ ಬಂದಿದ್ಳು. ನಾ ಬರೂಕಿಂತ ಒಂದು ದಿನ ಮೊದಲು ಅಕಿಗೆ ಸತ್ತ ಕೂಸು ಹುಟ್ಟಿತ್ತು. ಅದಕ್ಕಿಂತ ಹಿಂದ ಆದವೂ ಉಳದಿರಲಿಲ್ಲ. ಎದಿ ಕಲ್ಲಿನಂಗ ಆಗಿ, ಕುಬಸ ಹಾಲಿನಿಂದ ತೊಯ್ದು, ಗ್ವಾಡಿ ಕಡೆ ಮುಖ ಮಾಡಿ ಮಲಗಿರ್ತಿದ್ಳು.

ಡಾಕ್ಟರು, "ಈ ಕೂಸನ್ನ ಅಕಿ ಎದಿಗೆ ಹಾಕು" ಅಂದ್ರು. ಬಾಯಾರು ಹಾಕಲಿಲ್ಲ. ನನ್ನ ಹತ್ರ ಬಂದು ಭುಜ ಹಿಡದು ಅಲುಗಾಡಿಸಿದ್ರು.

"ಗಿರಿಜವ್ವಾ, ಕಣ್ಣ ತೆರಿ. ನಿನ್ನ ಕೂಸಿಗೆ ಹಾಲಿಲ್ಲ, ಬಾಜೂದಾಕಿಗೆ ಕೂಸಿಲ್ಲ. ಅಕಿ ಕುಡಸಲೇನು?"

ಡಾಕ್ಟರಿಗೆ ಸಿಟ್ಟು ಬಂತು. "ಜ್ವರದಾಗ ಬಿದ್ದಾಕಿನ್ನ ಏನ್ ಕೇಳ್ತೀ?"

"ಕೂಸು ದವಾಖಾನೀದಲ್ರಿ ಸಾಹೇಬ್ರ. ಅಕೀದು" ಅಂದ್ರು ಬಾಯಾರು.

ನಾ ಹೂಂ ಅಂದ್ನಿ. ಸ್ವಲ್ಪ ಹೊತ್ತಿಗೆ ಕೂಸು ಗುಟುಕ್ ಗುಟುಕ್ ಅಂತ ನುಂಗೂ ಸಪ್ಪಳ ಕೇಳಿಸ್ತು. ನನ್ನ ಜೀವಮಾನದಾಗ ಅಷ್ಟು ಚೊಲೋ ಸಪ್ಪಳ ನಾ ಇನ್ನೊಂದು ಕೇಳಿಲ್ಲ. ಪಾರವ್ವನ ಕಣ್ಣಾಗಿನ ನೀರು ಕೂಸಿನ ತಲಿ ಮ್ಯಾಲ ಬೀಳತಿತ್ತು, ಅಕಿ ಒರಸಿಕೊಳ್ಳಾಕೂ ಕೈ ತೆಗೀಲಿಲ್ಲ.

ನಾ ಎರಡು ವಾರ ಅಲ್ಲೇ ಬಿದ್ದಿದ್ನಿ. ಪಾರವ್ವನ್ನ ನೋಡ್ತಿದ್ನಿ. ಕೂಸು ಅತ್ತಾಗೆಲ್ಲಾ ಬಂದು ಒಯ್ತಿದ್ಳು, ಹೊಟ್ಟಿ ತುಂಬ ಕುಡಸ್ತಿದ್ಳು, ತೇಗ ಬರೂತನಕ ಬೆನ್ನು ಸವರ್ತಿದ್ಳು, ಆಮ್ಯಾಲ ತಂದು ನನ್ನ ಮಗ್ಗಲದಾಗ ಮಲಗಿಸಿ ತನ್ನ ಮಂಚಕ್ಕ ಹೋಗ್ತಿದ್ಳು. ಅಕಿಗೆ ಕೂಸಿನ ಆಸೆ ಎಷ್ಟಿತ್ತು ಅನ್ನೂದು ಕುರುಡರಿಗೂ ಕಾಣ್ತಿತ್ತು. ಆದ್ರೂ ಒಂದ ದಿನ ತನ್ನ ಹಂತ್ಯಾಕ ಮಲಗಿಸ್ಕೊಳ್ಳಲಿಲ್ಲ, ಒಂದ ಸಲ ನನ್ನ ಕೇಳಲಿಲ್ಲ. ನಾ ಸೋತದ್ದು ಅದಕ್ಕ. ಕೇಳಿದ್ರ ಬಹುಶಃ ಕೊಡ್ತಿರಲಿಲ್ಲ.

ಒಂದು ಮುಂಜಾನಿ ಅಕಿ ಕೂಸು ತಂದು ಮಲಗಿಸ್ವಾಗ ಕೈ ಹಿಡಕೊಂಡ್ನಿ. "ಪಾರವ್ವಕ್ಕ, ಇಕಿನ್ನ ನೀನ ಇಟ್ಕೋ."

ಅಕಿ ಮುಖ ಬೆಳ್ಳಗಾತು. "ಸುಮ್ನಿರವಾ ತಂಗಿ. ಜ್ವರದಾಗಿನ ಮಾತು ನಾ ಹಿಡ್ಯಾಂಗಿಲ್ಲ. ಮೈಯಾಗ ಕಸುವು ಬರ್ಲಿ, ಎದ್ದು ಓಡ್ಯಾಡು. ಆವಾಗೂ ಹಿಂಗ ಅಂದ್ರ ಅನ್ನು."

ಜ್ವರ ಬಿಟ್ಟಿತು. ಎದ್ದು ಓಡ್ಯಾಡಿದ್ನಿ. ಆವಾಗೂ ಹಂಗ ಅಂದ್ನಿ. ಅವ್ವ ಅತ್ಳು. "ನಾ ಸಾಯೂತನಕ ಹೊತ್ತಕೊಂಡ ತಿರಗ್ತೇನಿ, ಕೊಡಬ್ಯಾಡ" ಅಂದ್ಳು. ಅಕಿ ಕಣ್ಣಿಗೆ ಮುಂದಿನ ಬಾಗಲಾ ಕಾಣ್ತಿರಲಿಲ್ಲ, ಕೂಸು ಹೊತ್ತು ಎಲ್ಲೆ ತಿರಗ್ತಾಳ?

ಬಾಯಾರು ನನ್ನ ಮಂಚದ ಮ್ಯಾಲ ಬಂದು ಕುಂತ್ರು. ಬಯ್ಯಲಿಲ್ಲ, ಅದಕ್ಕ ನನಗ ಅಂಜಿಕಿ ಆತು. "ಯಾರರ ಹೇಳಿಕೊಟ್ಟಾರೇನು? ಯಾರರ ಹೆದರಿಸ್ಯಾರೇನು?"

"ಇಲ್ರಿ."

"ನಾಳಿಗೆ ಎದಿ ಒಡದ್ರ ಏನ್ ಮಾಡ್ತಿ?"

"ಒಡೀತೈತ್ರಿ ಬಾಯಾರ. ಅದು ನನ್ನ ಎದಿ. ಕೂಸಿನ ಎದಿಗೆ ಏನೂ ಆಗಬಾರ್ದು."

ಅವ್ರು ನನ್ನ ಮುಖ ನೋಡಿದ್ರು, ಹೂಂ ಅಂದು ಎದ್ದು ಹೋದ್ರು.

ಪಾರವ್ವನ ಅತ್ತಿ ಸವಣೂರಿಂದ ಬಂದ್ರು. ದೊಡ್ಡ ಕುಂಕುಮ ಬೊಟ್ಟು, ಕೈತುಂಬ ಹಸರು ಬಳಿ, ಮನಿ ನಡಸೂ ಹೆಣ್ಮಗಳು. ಕೂಸನ್ನ ನೋಡಿ ಖುಷಿ ಪಟ್ರು. ನಮ್ಮ ಮಂದಿನೇ ಅಂತ ಗೊತ್ತಾಗಿ ಇನ್ನೂ ಖುಷಿ ಪಟ್ರು. ಆದ್ರ ಕೂಸು ಕೊಡೂ ಮಾತು ಬಂದಾಗ ಒಂದು ಅಡ್ಡ ಬಂತು. ನಮ್ಮ ಕಡೆ ಕೂಸು ಕೊಡೂದಂದ್ರ ಉಡಿಯಾಗ ಹಾಕೂದು. ತಗೊಳ್ಳಾಕಿ ಸೆರಗು ಒಡ್ಡಿ ಕುಂದ್ರತಾಳ, ಕೊಡಾಕಿ ಅದರಾಗ ಅಕ್ಕಿ ಹಾಕಿ ಕೂಸು ಇಡ್ತಾಳ. ಉಡಿ ತುಂಬೂದು ಮುತ್ತೈದಿ ಕೆಲಸ. ನಾ ಗಂಡನ್ನ ಕಳಕೊಂಡಾಕಿ. ನನ್ನ ಕೈ ಬರಂಗಿಲ್ಲ.

ಅತ್ತೀಯವ್ರು ಒಂದು ಹಾದಿ ಹುಡುಕಿದ್ರು. ಮಕ್ಕಳು ಉಳೀದ ಮನ್ಯಾಗ ಹಿಂದಿಂದ ಮಾಡ್ಕೋತ ಬಂದದ್ದ ಅದು. ಕೂಸನ್ನ ಮೊರದಾಗ ಹಾಕಿ ಅಂಗಳದಾಗ ಇಡೂದು. ಪಾರವ್ವ ಹಾದ್ಯಾಗ ಹೋಗಾಕಿಯಂಗ ಬಂದು, ಕೂಸು ಸಿಕ್ತು ಅಂತ ಎತ್ಕೊಂಡು ಹೋಗೂದು. ಇಂಥಾ ತಾಯೀದು ಅಂತ ಇಲ್ಲದಂಗ ಆದ್ರ ಸಾವಿಗೆ ಗುರ್ತು ಹತ್ತೂದಿಲ್ಲ, ಕೂಸು ಉಳೀತೈತಿ ಅಂತ ನಂಬಿಗಿ. ಅಷ್ಟು ಹೊತ್ತು ನಾ ಒಳಗಿನ ಖೋಲ್ಯಾಗ ಬಾಗಲಾ ಹಾಕ್ಕೊಂಡು ಕುಂದ್ರಬೇಕು, ನೋಡಬಾರ್ದು. ಅವ್ರ ಮನಸ್ಸಿನ್ಯಾಗ ಕೆಟ್ಟದ್ದು ಏನೂ ಇರಲಿಲ್ಲ. ಮೊಮ್ಮಗಳು ಉಳೀಲಿ ಅನ್ನೂದಷ್ಟ.

ಹೊರಡೂ ದಿನ ಮುಂಜಾನಿ ಮೊರ ತಂದು ದವಾಖಾನಿ ಪಡಸಾಲ್ಯಾಗ ಇಟ್ರು. "ಕೂಸು ಕೊಡವಾ, ನೀ ಒಳಗ ನಡಿ" ಅಂದ್ರು. ನಾ ಕೂಸು ಎದಿಗೆ ಅವಚ್ಕೊಂಡು ನಿಂತ್ನಿ. ಹಿರ್ಯಾರ ಮುಂದ ದನಿ ತಗದು ಮಾತಾಡಿದಾಕಿ ಅಲ್ಲ ನಾ, ಅದೆಲ್ಲಿಂದ ಬಂತೋ.

"ಯವ್ವಾ, ಇದು ಸಿಕ್ಕ ಕೂಸಲ್ಲ. ನಾ ಕೊಟ್ಟದ್ದು. ನಾಳೆ ದೊಡ್ಡಾಕಿ ಆಗಿ ಕೇಳಿದ್ರ, ಮೊರದಾಗ ಬಿದ್ದಿದ್ದಿ ಅಂತ ಹೇಳ್ತೀರೇನು? ನನ್ನ ಕೈಲೆ ಹಾಕಸ್ಕೊಳ್ಳೂದಿದ್ರ ತಗೋರಿ. ಇಲ್ಲಾಂದ್ರ ಬ್ಯಾಡ."

ಬ್ಯಾಡ ಅಂತ ಅಂದುಬಿಟ್ನಿ, ಅಂದ ಮ್ಯಾಲ ಜೀವ ಹಾರಿಹೋತು. ಅವ್ರು ಹಂಗ ಎದ್ದು ಹೋದ್ರ? ಮತ್ತ ಆ ಹೊಲ, ಆ ಗಿಡ. ಅತ್ತೀಯವ್ರು ಸೊಸಿ ಕಡೆ ತಿರಗಿ, "ನಿನ್ನ ಉಡಿ ಎಷ್ಟು ಸಲ ಬರಿದಾಗೈತಿ ಅನ್ನೂದು ನೆನಪೈತಿಲ್ಲ? ತಿಳಿಸಿ ಹೇಳು ಇಕಿಗೆ" ಅಂದ್ರು.

ಪಾರವ್ವ ಬಂದು ನನ್ನ ಮುಂದ ನೆಲದ ಮ್ಯಾಲ ಕುಂತು ಸೆರಗು ಒಡ್ಡಿದ್ಳು. ಆಮ್ಯಾಲ ಅತ್ತೀ ಕಡೆ ತಲಿ ಎತ್ತಿ ಅಂದ್ಳು: "ಅತ್ತಿ, ನಾ ಬಸುರಿದ್ದಾಗ ಕುಬಸದ ಕಾರ್ಯಕ್ಕ ಊರ ಮುತ್ತೈದ್ಯಾರೆಲ್ಲಾ ಬಂದು ಉಡಿ ತುಂಬಿದ್ರು. ಏನ್ ಉಳೀತ್ರಿ? ಈಕಿ ಕೈಲೆ ಹಾಕಲಿ. ಇಲ್ಲಾಂದ್ರ ನಾ ಬರೇ ಕೈಲೆ ಸವಣೂರಿಗೆ ಬರ್ತೇನಿ."

ಬಾಯಾರು ಬಾಗಲದಾಗ ಕೈ ಕಟ್ಕೊಂಡು ನಿಂತಿದ್ರು. ಅತ್ತೀಯವ್ರು ಮೊರದ ಕಡೆ ನೋಡಿದ್ರು. ಆಮ್ಯಾಲ ತಮ್ಮ ಗಂಟು ಬಿಚ್ಚಿ ಒಂದು ಹಿಡಿ ಅಕ್ಕಿ ತಗದು, ನನ್ನ ಬೊಗಸ್ಯಾಗ ಹಾಕಿದ್ರು. "ಬರೇ ಕೂಸು ಹಾಕಬಾರ್ದು. ಮೊದಲ ಅಕ್ಕಿ ಹಾಕು" ಅಂದ್ರು. ಆ ಹೆಣ್ಮಗಳನ್ನ ನೆನಸಿ ಇವತ್ತಿಗೂ ಕೈ ಮುಗೀತೇನಿ. ಹುಟ್ಟಿದಾಗಿಂದ ನಂಬಿದ್ದನ್ನ ಮಂದಿ ಮುಂದ ನಿಂತು ಒಂದ ಗಳಿಗ್ಯಾಗ ಬಿಡೂದು ಸಣ್ಣ ಮಾತಲ್ಲ.

ಅಕ್ಕಿ ಹಾಕಿದ್ನಿ. ಕೂಸಿನ ನೆತ್ತಿ ಮೂಸಿದ್ನಿ. ಪಾರವ್ವನ ಉಡಿಯಾಗ ಇಟ್ನಿ. ನಿದ್ದೀಲೆ ಇದ್ದಾಕಿ ಏಳಲಿಲ್ಲ.

ಚಕ್ಕಡಿ ಹೋದ ಮ್ಯಾಲ ಸಂಜೀಕ ನನಗ ಹಾಲು ಬಂತು ನೋಡ್ರಿ. ಇಷ್ಟ ದಿನ ಇಲ್ಲದ್ದು. ಆವಾಗ ಎದಿ ಒಡೀತು. ನೆಲಕ್ಕ ಬಿದ್ದು ಹೊಳ್ಳಾಡಿ ಅತ್ನಿ. ಬಾಯಾರು ಮಲ್ಲಿಗಿ ಹೂವು ತರಿಸಿ, ಹಾಲು ಇಂಗಲಿ ಅಂತ ಎದಿ ಮ್ಯಾಲಿಟ್ಟು ಅರಬಿ ಕಟ್ಟಿದ್ರು. ಗಂಡ ಹೋದ ಮ್ಯಾಲ ಹೂವು ಮುಟ್ಟದಾಕಿ ನಾ. ರವಿಕಿ ಒಳಗಿಂದ ಮಲ್ಲಿಗಿ ವಾಸನಿ ಬರ್ತಿತ್ತು. ಅಳಬ್ಯಾಡ ಅಂತ ಅವ್ರು ಅನ್ನಲಿಲ್ಲ. ಅಳು, ನಾ ಇಲ್ಲೇ ಕುಂತೇನಿ ಅಂದ್ರು.

ಊರಿಗೆ ಹೋಗಾಕ ಬಿಡಲಿಲ್ಲ. "ನಾಕನೇತ್ತೆ ಕಲ್ತೀ ಅಂತಿ, ಕೈ ಚೊಲೋ ಅದಾವ. ಇಲ್ಲೇ ಇದ್ದು ಅರಬಿ ಒಗಿ, ಆಮ್ಯಾಲ ನೋಡೂಣು" ಅಂದ್ರು. ಅವ್ವನ್ನೂ ಕರ್ಕೊಂಡು ದವಾಖಾನಿ ಹಿಂದಿನ ಖೋಲ್ಯಾಗ ಇದ್ನಿ. ಹಿಂಗ ಸುರು ಆತು ನನ್ನ ನೌಕರಿ.

ಮೊದಲಿನ ವಾರದಾಗನ ಒಂದು ಘನಂದಾರಿ ಕೆಲಸ ಮಾಡಿದ್ನಿ. ಕತ್ತರಿ ಕುದಸು, ಚಿಮಟಾ ಕುದಸು ಅಂತ ಹೇಳಿದ್ರಲ್ಲ, ಸ್ವಚ್ಛ ಆಗಲಿ ಅಂತ ಡಾಕ್ಟರ ಜ್ವರದ ಕಡ್ಡೀನೂ ಹಾಕಿ ಕುದಸಿಬಿಟ್ನಿ. ಟಪ್ ಅಂತ ಒಡೀತು. ಪಾದರಸ ಪಾತ್ರಿ ತುಂಬ ಮುತ್ತಿನಂಗ ಓಡ್ಯಾಡಾಕತ್ತು. ಡಾಕ್ಟರು ಕುಣದಾಡಿದ್ರು. "ನಿನಗ ಹೇಳಿದ್ದಷ್ಟ ಮಾಡಬೇಕು" ಅಂದ್ರ, ಬಾಯಾರು, "ಹೇಳಿದ್ದಕ್ಕಿಂತ ಹೆಚ್ಚ ಮಾಡ್ಯಾಳ್ರಿ, ಕಡಿಮಿ ಏನ್ ಮಾಡಿಲ್ಲ" ಅಂದು ನಗು ತಡಕೋಳಾರದ ಹೊರಗ ಹೋದ್ರು. ಅದೇ ಡಾಕ್ಟರು ಮುಂದ ನನ್ನ ಧಾರವಾಡಕ್ಕ ಸೂಲಗಿತ್ತಿ ಕೆಲಸ ಕಲ್ಯಾಕ ಕಳಿಸಾಕ ಮ್ಯಾಲಿನವ್ರ ಕೂಡ ಜಗಳಾಡಿದ್ರು. ಹೋಗುವಾಗ ಗಿರಿಜವ್ವ, ಬರುವಾಗ ಗಿರಿಜಾಬಾಯಿ.

ಕೆಲಸ ಅಂದ್ರ ಕೆಲಸ ಆವಾಗ. ಹಳ್ಳ್ಯಾಗ ಕುಡಗೋಲಿಂದ ಹೊಕ್ಕಳ ಕೊಯ್ತಿದ್ರು, ಹೊಟ್ಟಿ ಉಬ್ಬಿದ್ರ ಕೂಸಿಗೆ ಕಬ್ಬಿಣ ಕಾಸಿ ಬರಿ ಹಾಕ್ತಿದ್ರು. ಬಿಡಸಾಕ ಹೋದ್ರ ನಮ್ಮನ್ನ ಅಂಗಳದಿಂದ ಹೊರಗ ಹಾಕ್ತಿದ್ರು. ಯುದ್ಧದ ವರ್ಷದಾಗ ಹತ್ತಿ ಸಿಗಲಿಲ್ಲ, ಔಷಧ ಸಿಗಲಿಲ್ಲ. ಹಳೇ ಧೋತರ ಹರದು ಹಂಡೇದಾಗ ಕುದಿಸಿ, ಬಿಸಲಿಗೆ ಹಾಕಿ ಅದನ್ನ ಉಪಯೋಗ ಮಾಡಿದ್ವಿ. ಆದ್ರೂ ಕೂಸು ಉಳದ್ವು. ನೀರು ಕುದಸೂದು ಒಂದನ್ನ ಬಿಡಬ್ಯಾಡ್ರಿ, ಉಳದದ್ದು ಹೆಂಗರ ನಡೀತೈತಿ.

ಇನ್ನ ಕೂಸು ಕೊಡೂ ಮಾತು. ಹಿರೇಕೆರೂರಾಗ ಒಬ್ಬಾಕಿಗೆ ಹೆಣ್ಣಿನ ಮ್ಯಾಲ ಹೆಣ್ಣು ಹುಟ್ಟಿತ್ತು. ಅಕಿ ನಿದ್ದಿ ಹತ್ತಿದಾಗ ಗಂಡನ ಕಡೆಯವ್ರು ಕೂಸು ಸುತ್ಗೊಂಡು, ಮಕ್ಕಳಿಲ್ಲದ ಬೀಗರ ಚಕ್ಕಡಿಗೆ ಹಾಕಾಕ ಹೊಂಟಿದ್ರು. ಅಡ್ಡ ನಿಂತ್ನಿ. "ಎಬ್ಬಸ್ರಿ ಅಕಿನ್ನ. ಎದ್ದು ಕೊಟ್ರ ಒಯ್ರಿ" ಅಂದ್ನಿ. "ನರ್ಸಬಾಯಿ, ನಮ್ಮ ಮನಿ ಮಾತು ನಿಮಗ ಯಾಕ?" ಅಂದ್ರು. ನಾ ಬಾಗಲಾ ಬಿಡಲಿಲ್ಲ. ಎದ್ದಾಕಿ ಕೂಸು ಕಸಗೊಂಡು ಸೆರಗಿನ್ಯಾಗ ಮುಚ್ಚಿಕೊಂಡ್ಳು. ಅಲ್ಲಿಗೆ ಮುಗೀತು. ಕೇಳಿದ್ರ ಒಲ್ಲೆ ಅಂತಾಳ ಅನ್ನೂ ಅಂಜಿಕೀಗೇ ಮಂದಿ ಕೇಳೂದಿಲ್ಲ, ನೆನಪಿಡ್ರಿ.

ಶಿಗ್ಗಾವ್ಯಾಗ ಇದ್ದಾಗ ತಡಸದ ಕಡೆಯಿಂದ ಒಂದು ಹುಡುಗಿ ಬಂದಿತ್ತು. ಹೆಸರು ಹೇಳಂಗಿಲ್ಲ. ಅದಕ್ಕ ಕೂಸಿನ ಮುಖ ನೋಡೂದ ಬ್ಯಾಡಾಗಿತ್ತು. ನಾ ಒತ್ತಾಯ ಮಾಡಲಿಲ್ಲ. ಎಲ್ಲಾರೂ ನನ್ನಂಗ ಇರಬೇಕು ಅಂತೇನೈತಿ? ತಗೊಳ್ಳಾಕಿ ಕೂಸು ಎತ್ಕೊಂಡು ಹೊಂಟಾಗ, ಆ ಹುಡುಗಿ ಗ್ವಾಡಿ ಕಡೆ ತಿರಗಿದಾಕಿ ಹಂಗ ಇದ್ದು, ಕೌದಿಯೊಳಗಿಂದ ಒಂದು ಕೈ ಹೊರಗ ಚಾಚಿದ್ಳು. ನಾ ಕೂಸಿನ ಪಾದ ಆ ಕೈಗೆ ಮುಟ್ಟಿಸಿದ್ನಿ. "ಒಯ್ರಿ" ಅಂದ್ಳು. ಅದೂ ಕೊಟ್ಟದ್ದ. ತಾಯಿ ಬಾಯಿಂದ ಆ ಒಂದು ಮಾತು ಬರೂತನಕ ಕಾಯೂದು ನಮ್ಮ ಕೆಲಸ, ಅಷ್ಟ.

ನನ್ನ ಮಗಳಿಗೆ ನೀಲವ್ವ ಅಂತ ಹೆಸರಿಟ್ಟಿದ್ರು. ಪಾರವ್ವ ತವರಿಗೆ ಬಂದಾಗೆಲ್ಲಾ ಕರ್ಕೊಂಡು ಬರ್ತಿದ್ಳು. ತಿಳವಳಿಕಿ ಬಂದಾಗಿಂದ ಅಕಿಗೆ ಹೇಳಿದ್ಳು, ಹಡದಾಕಿ ಇಕಿ, ನನಗ ಕೊಟ್ಟಾಳ ಅಂತ. ನೀಲವ್ವ ದೊಡ್ಡ ಕಣ್ಣು ಬಿಟ್ಟು ನನ್ನ ನೋಡಾಕಿ, ಸವಣೂರ ಖಾರದ ಪೊಟ್ಟಣ ನನ್ನ ಕೈಯಾಗಿಟ್ಟು ಪಾರವ್ವನ ಸೆರಗಿನ ಹಿಂದ ಹೋಗಾಕಿ. ನಾ ಮೈ ಮುಟ್ಟಾಕ ಹೋಗ್ತಿರಲಿಲ್ಲ. ಆರಾಮ ಅದೀಯಾ ಅಂತ ಕೇಳ್ತಿದ್ನಿ. ದಪ್ಪ ಜಡಿ, ಗಟ್ಟಿ ಎದಿ, ಓಡಿದ್ರ ಒಂದೀಟೂ ದಮ್ಮು ಹತ್ತಂಗಿಲ್ಲ. ನೋಡಿ ಹೊಟ್ಟಿ ತುಂಬ್ತಿತ್ತು.

ಸವಣೂರಾಗ ನವಾಬರ ಆಡಳಿತ ಮುಗದು ಏಳೆಂಟು ವರ್ಷ ಆಗಿತ್ತು, ನಾ ಮತ್ತ ಹಾನಗಲ್ಲಿಗೆ ಬಂದಿದ್ನಿ. ಒಂದು ಮಧ್ಯಾಹ್ನ ಪಾರವ್ವ ತುಂಬಿದ ಬಸುರಿ ನೀಲವ್ವನ್ನ ಚಕ್ಕಡಿಯಿಂದ ಇಳಿಸಿದ್ಳು. "ಇಷ್ಟು ದೂರ ಯಾಕ ತಂದಿ ಅಕ್ಕ? ಅಲ್ಲೇ ನರ್ಸ್ ಇದ್ರಲ್ಲ" ಅಂದ್ನಿ. "ಚೊಚ್ಚಲ ಹೆರಿಗಿ ತವರಾಗ ಆಗಬೇಕಿಲ್ಲ?" ಅಂದ್ಳು, ಏನೂ ವಿಶೇಷ ಇಲ್ಲದಂಗ.

ಬ್ಯಾನಿ ಜೋರಾತು. ನಾ ಕೈ ತೊಳಕೊಂಡು, ಕತ್ತರಿ ತಗೊಂಡು ಎಂದಿನಂಗ ಮುಂದ ಬಂದು ಕುಂದ್ರಾಕ ಹೋದ್ನಿ. ಪಾರವ್ವ ತಡದ್ಳು.

"ನಿನ್ನ ಕೈ ಕೆಳಗಿನ ಹುಡುಗಿ ಅದಾಳಲ್ಲ, ಅಕಿ ಹಿಡೀಲಿ. ನೀ ಬೆನ್ನಿಗೆ ಕುಂದ್ರು."

ನಮ್ಮ ಕಡೆ ಹಡಿಯಾಕಿಗೆ ಬೆನ್ನಿಗೆ ಆಸರ ಆಗಿ ಹಿಂದ ಕುಂದ್ರಾಕಿ ತಾಯಿ. ಅದು ತಾಯಿ ಜಾಗ.

"ಅಕ್ಕ, ಅಲ್ಲಿ ನೀ ಕುಂದ್ರಬೇಕು."

"ಇಷ್ಟ ವರ್ಷ ನನಗ ಒರಗ್ಯಾಳ. ಇವತ್ತ ನಿನಗ ಒರಗಲಿ. ನಾ ಅಕಿನ್ನ ಕೇಳೇ ಬಂದೇನಿ."

ನೀಲವ್ವ ತಲಿ ಹೊಳ್ಳಿಸಿ ನನ್ನ ನೋಡಿದ್ಳು. "ಲಗೂ ಕುಂದ್ರವಾ" ಅಂದ್ಳು.

ಸಾವಿರ ಹೆರಿಗಿ ಮುಂದ ಕುಂತು ಮಾಡಿಸಿದಾಕಿ ನಾ, ಅವತ್ತ ಹಿಂದ ಕುಂ‌ತ್ನಿ. ಅಲ್ಲಿಂದ ಏನೂ ಕಾಣಂಗಿಲ್ಲ ನೋಡ್ರಿ. ಅಕಿ ಬೆವತ ಬೆನ್ನು ನನ್ನ ಎದಿಗೆ ಹತ್ತಿತ್ತು, ನೆತ್ತಿ ನನ್ನ ಗದ್ದಕ್ಕ ತಾಗಿತ್ತು. ಬ್ಯಾನಿ ಬಂದಾಗೆಲ್ಲಾ ಮೈಯಾಗಿನ ಭಾರ ಅಷ್ಟೂ ನನ್ನ ಮ್ಯಾಲ ಹಾಕ್ತಿದ್ಳು. ಕೂಸು ಅತ್ತದ್ದು ಕೇಳಿಸ್ತು. ಗಂಡೋ ಹೆಣ್ಣೋ ಅಂತ ಮುಂದ ಕುಂತ ಹುಡುಗಿ ಕೂಗಿ ಹೇಳಿದ್ಳಂತ, ನನಗ ಲಕ್ಷ್ಯನ ಇರಲಿಲ್ಲ. ನಾ ನನ್ನ ಮಗಳನ್ನ ಹಿಡಕೊಂಡಿದ್ನಿ.